ಮೂರನೇ ಟ್ಯಾಂಕಿನ ಹುಳಿ

ಫೆಬ್ರವರಿ 3
ಫ್ಯಾಕ್ಟರಿ ಲ್ಯಾಬಿನಲ್ಲಿ ಆರು ಟ್ಯಾಂಕ್, ಆರು ಸ್ಯಾಂಪಲ್. ಎಲ್ಲ ಸರಿ. ಮೈಕ್ರೋಸ್ಕೋಪ್ ನೋಡಿ ನೋಡಿ ಕಣ್ಣುರಿ.

ಸಂಜೆ ಅತ್ತೆ ಕೇಳಿದರು, "ಮೆಕ್ಕೆಜೋಳದಿಂದ ಗಾಡಿ ಹೇಗಮ್ಮ ಓಡುತ್ತೆ?" ಉತ್ತರ ಕೊಟ್ಟವಳು ಚಿಕ್ಕವಳು, ನನ್ನ ವಾರಗಿತ್ತಿ. "ಅರೆದು, ಬೇಯಿಸಿ ಗಂಜಿ ಮಾಡ್ತೀವಿ ಅತ್ತೆ. ಅದರ ಸಕ್ಕರೆ ತಿಂದು ಯೀಸ್ಟ್ ಎಥನಾಲ್ ಬಿಡುತ್ತೆ. ಅದನ್ನ ಭಟ್ಟಿ ಇಳಿಸಿ ಪೆಟ್ರೋಲಿಗೆ ಬೆರೆಸ್ತಾರೆ." ಅತ್ತೆ ತಲೆದೂಗಿದರು. ಇದನ್ನೇ ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ... ನಾನು ಹೇಳಿದಾಗ ಅವರಿಗೆ ಆಕಳಿಕೆ ಬರುತ್ತಿತ್ತು.

ಅವಳನ್ನು ಫ್ಯಾಕ್ಟರಿಗೆ ಸೇರಿಸಿದವಳು ನಾನು. ಕೆಲಸ ಕಲಿಸಿದವಳೂ ನಾನೇ. ಎರಡು ವರ್ಷ ತುಂಬಿಲ್ಲ ಇನ್ನೂ.

ಫೆಬ್ರವರಿ 9
ಟ್ಯಾಂಕ್ ಸೆಕ್ಷನ್ನಿಗೆ ಇನ್‌ಚಾರ್ಜ್ — ಅವಳು. ಮ್ಯಾನೇಜರ್ ಎಲ್ಲರೆದುರು ಹೇಳಿದರು. ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ.

"ಅಕ್ಕ, ನಿಮಗೆ ಬೇಜಾರಿಲ್ಲ ತಾನೇ?"

"ನನಗ್ಯಾಕೆ ಬೇಜಾರು?" ಎಂದೆ.

ಫೆಬ್ರವರಿ 10
ಮನೆಯಲ್ಲೂ ಅವಳದೇ ಸುದ್ದಿ. ನನ್ನ ಗಂಡ ಕೂಡ, "ಬಲು ಚುರುಕು" ಎಂದರು. ನನ್ನ ಬಗ್ಗೆ ಅವರು ಇಷ್ಟು ವರ್ಷದಲ್ಲಿ ಹೇಳಿದ್ದು — "ಪಾಪ, ನಿಧಾನ."

ಫೆಬ್ರವರಿ 17, ಬೆಳಿಗ್ಗೆ 9.20
ಮೂರನೇ ಟ್ಯಾಂಕ್. ದುಂಡು ದುಂಡು ಯೀಸ್ಟ್ ನಡುವೆ ಸಣ್ಣ ಕಡ್ಡಿಗಳು. ಬ್ಯಾಕ್ಟೀರಿಯಾ. ಯೀಸ್ಟ್ ಬಾಯಿಂದ ಸಕ್ಕರೆ ಕಸಿದು ಗಂಜಿಯನ್ನು ಹುಳಿ ಮಾಡುವ ಜಾತಿ. ಈಗಲೇ ಮದ್ದು ಹಾಕಿದರೆ ಉಳಿಯುತ್ತದೆ.

ಗಾಜಿನಾಚೆ ಅವಳು. ಮ್ಯಾನೇಜರ್ ಏನೋ ಹೇಳಿದರು, ನಕ್ಕಳು.

ರಿಜಿಸ್ಟರಿನಲ್ಲಿ "ನಾರ್ಮಲ್" ಎಂದು ಬರೆದೆ. ಊಟವಾದ ಮೇಲೆ ಹೇಳಿದರಾಯಿತು.

ಸಂಜೆ 5
ಹೇಳಲಿಲ್ಲ.

ಫೆಬ್ರವರಿ 18
ಟ್ಯಾಂಕ್ ಪೂರ್ತಿ ಹುಳಿ. ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಬಡಿಯಿತು. ಇಡೀ ಗಂಜಿ ಹೊಂಡದ ಪಾಲು.

"ಯಾರ ಬೇಜವಾಬ್ದಾರಿ ಇದು?" ಮ್ಯಾನೇಜರ್ ಕೇಳಿದರು.

ಅವಳು ಮುಂದೆ ಬಂದಳು. "ನನ್ನ ಸೆಕ್ಷನ್ ಸರ್. ಪೈಪ್ ತೊಳೆಸೋದರಲ್ಲಿ ನಾನೇ ಎಡವಿದೀನಿ."

ಇನ್‌ಚಾರ್ಜ್ ಪಟ್ಟ ಹೋಯಿತು. ನನಗೆ ಖುಷಿಯಾಯಿತು, ಒಂದು ಗಳಿಗೆ. ಇಲ್ಲಿ ಸುಳ್ಳೇಕೆ ಬರೆಯಲಿ.

ಫೆಬ್ರವರಿ 25
ಬಸ್ಸಿನಲ್ಲಿ ಪಕ್ಕ ಕೂತು ಮೆಲ್ಲಗೆ ಹೇಳಿದಳು, "ಅಕ್ಕ, ಆವತ್ತಿನ ನಿಮ್ಮ ಸ್ಲೈಡ್ ಟ್ರೇಯಲ್ಲೇ ಇತ್ತು. ಟ್ಯಾಂಕ್ ಮೂರು, ಒಂಬತ್ತು ಇಪ್ಪತ್ತು, ನಿಮ್ಮ ಅಕ್ಷರ. ಅದರಲ್ಲಿದ್ದ ಕಡ್ಡಿ ನೋಡಿದೆ. ಬೇರೆ ಯಾರ ಕೈಗೂ ಸಿಗಬಾರದು ಅಂತ ತೊಳೆದಿಟ್ಟೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಇಳಿಯುವಾಗ ನನ್ನ ಬ್ಯಾಗನ್ನೂ ಹಿಡಿದುಕೊಂಡಳು.

ಒಳ್ಳೆಯತನದಲ್ಲೂ ಅವಳೇ ಮುಂದೆ. ಅದಕ್ಕೂ ಹೊಟ್ಟೆಕಿಚ್ಚು ನನಗೆ.

ಫೆಬ್ರವರಿ 26
ಮ್ಯಾನೇಜರಿಗೆ ಹೇಳಿಬಿಟ್ಟೆ. ಕಡ್ಡಿ ನೋಡಿದ್ದು, ನಾರ್ಮಲ್ ಎಂದು ಬರೆದದ್ದು. ಸ್ಲೈಡ್ ತೊಳೆದ ವಿಷಯ ಎತ್ತಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ನೀವು... ನೀವಾ?" ಎಂದರು. ಆಮೇಲೆ, "ಬರೆದು ಕೊಡಿ."

ಬರೆದು ಕೊಟ್ಟೆ.

ಮಾರ್ಚ್ 4
ಅವಳಿಗೆ ಇನ್‌ಚಾರ್ಜ್ ವಾಪಸ್. ನನಗೆ ಗೇಟು. ಲಾರಿಯಲ್ಲಿ ಬಂದ ಜೋಳ ಒಣಗಿದೆಯೇ, ಬೂಷ್ಟು ಹಿಡಿದಿದೆಯೇ ನೋಡುವುದು. ತಲೆಯಿಂದ ಕಾಲಿನವರೆಗೆ ಹಳದಿ ಧೂಳು.

ಊಟಕ್ಕೆ ಎಲ್ಲರೂ ಕೂತಿದ್ದರು. "ಲ್ಯಾಬ್ ಬಿಡಿಸಿ ಗೇಟಿಗ್ಯಾಕಮ್ಮ ಹಾಕಿದ್ರು ನಿನ್ನ?" ಅತ್ತೆ ಕೇಳಿದರು.

ಚಿಕ್ಕವಳು ತುತ್ತು ನುಂಗಿ ನನ್ನ ಕಡೆ ನೋಡಿದಳು. ನನ್ನನ್ನು ಉಳಿಸುವ ಸುಳ್ಳು ಆಗಲೇ ತಯಾರಿತ್ತು ಅವಳ ಹತ್ತಿರ. "ಅದು ಏನಂದ್ರೆ ಅತ್ತೆ —" ಎಂದು ಶುರುಮಾಡಿದಳು.

ಈ ಸಲ ಬಿಟ್ಟುಕೊಡಲಿಲ್ಲ ನಾನು.

"ನೀನು ಸುಮ್ಮನಿರು" ಎಂದೆ. "ಅತ್ತೆ, ಆವತ್ತು ಇವಳ ಟ್ಯಾಂಕ್ ಹಾಳಾಯ್ತಲ್ಲ, ಅದು ನನ್ನ ಹೊಟ್ಟೆಕಿಚ್ಚಿಂದ."