ಕಾರಿನ ದೇವಿಯ ಕೋಪ

ಮಾರ್ಚ್ 9, ಭಾನುವಾರ, ಲಾಂಪಾಂಗ್

ಇವತ್ತೂ ಕಾರಿನ ಬ್ಯಾಟರಿ ಖಾಲಿ. ಕಾರು ಕಾಯುವ ದೇವಿಗೆ ಹೊಸ ಸೊಸೆ ಹಿಡಿಸಿಲ್ಲ ಎಂಬುದು ಅತ್ತೆಯ ತೀರ್ಪು. ದೇವಿಯನ್ನು ಒಲಿಸಿಕೊಳ್ಳಲು ನಾನು ದಿನಾ ಸಂಜೆ ಬಾನೆಟ್ ಮೇಲೆ ಮಲ್ಲಿಗೆ ಹಾರದ ತಟ್ಟೆಯಿಟ್ಟು, ಭಕ್ತಿ ಹೆಚ್ಚಾಗಿ ಕಾರಿನ ರಿಮೋಟ್ ಕೀಯನ್ನೂ ಬೆಳಗಿನವರೆಗೆ ಆ ತಟ್ಟೆಯಲ್ಲೇ ಬಿಡುತ್ತಿದ್ದೆ.

ನನ್ನ ಮುದ್ದು ಗಂಡ ಕ್ರಿತ್ ಬ್ಯಾಟರಿಗೆ ಮೀಟರ್ ಹಿಡಿದು ನೋಡಿ ನಕ್ಕೇ ನಕ್ಕ. "ಬೀಗ ಹಾಕಿದ್ಮೇಲೆ ಕಾರಿನ ಕಂಪ್ಯೂಟರ್ ಮಲಗ್ಬೇಕು ಕಣೇ. ಕೀ ಪಕ್ಕದಲ್ಲೇ ಇದ್ದು ಸಿಗ್ನಲ್ ಕೊಡ್ತಿದ್ರೆ ಯಜಮಾನ ಬಂದ ಅಂತ ಎದ್ದೆದ್ದು ಕೂರುತ್ತೆ, ಬ್ಯಾಟರಿ ಕುಡಿಯುತ್ತೆ."

ದೇವಿಗೆ ಕೋಪವೇ ಇಲ್ಲವೆಂದು ಅತ್ತೆಗೆ ಓಡಿಹೋಗಿ ಹೇಳಿದೆ.

ಅವರು ಅಕ್ಕಿ ತೊಳೆಯುತ್ತಲೇ, "ಕೋಪ ನಿಜಾನೇ ಮಗಳೇ. ರಾತ್ರಿಯೆಲ್ಲ ನಿದ್ದೆ ಕೆಡಿಸಿದ್ರೆ ಯಾರಿಗೆ ಬರಲ್ಲ?" ಎಂದರು.

ಮಗಳೇ ಅಂದರು! ಮದುವೆಯಾದಾಗಿನಿಂದ ಬರೀ "ಏ ಹುಡುಗಿ" ಆಗಿದ್ದೆ. ನಗು ತಡೆಯಲಾಗುತ್ತಿಲ್ಲ, ಅಕ್ಷರವೆಲ್ಲ ಸೊಟ್ಟಗೆ...