ನಯನಳಿಗೆ ಅರವತ್ತು ಪದ

ಹೊಸಬಾಳೆ
೧೦ ನವೆಂಬರ್ ೨೦೨೪, ಭಾನುವಾರ

ಚಿ. ಸೌ. ಸ್ಪಂದನಳಿಗೆ ಅಮ್ಮನ ಆಶೀರ್ವಾದ.

ಅಳಿಯಂದಿರು ವೀರೇಶ ಅವರಿಗೂ ನನ್ನ ಮೊಮ್ಮಗಳು ನಯನಳಿಗೂ ಕೇಳಿದೆನೆಂದು ಹೇಳು. ನಾನು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಇಂಗ್ಲಿಷ್ ಪದಗಳ ಪಟ್ಟಿ ಬೇಕೆಂದು ನೀನು ದೀಪಾವಳಿಗೆ ಮುಂಚೆಯೇ ಕೇಳಿದ್ದೆ. ಹದಿನೈದು ದಿನ ತಡವಾಯಿತು, ಬೈದುಕೊಳ್ಳಬೇಡ. ಫೋಟೊ ತೆಗೆದು ಕಳಿಸಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು, ಗೊತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರ ಮಾತು ‘ಊಟ ಆಯ್ತಾ’, ‘ಆಯ್ತು’ ಎಂಬಲ್ಲಿಗೆ ಮುಗಿದುಹೋಗುತ್ತದೆ. ಅದಕ್ಕೇ ಈ ಕಾಗದ.

ನಿನ್ನ ಮೆಸೇಜಿನ ಕೊನೆಯ ಸಾಲು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ‘ಜನವರಿಯಲ್ಲಿ ನಯನಂಗೆ ಅಡ್ಮಿಶನ್ ಇಂಟರ್‌ವ್ಯೂ ಇದೆ. ಇನ್ಮೇಲೆ ಮನೇಲಿ ಬರೀ ಇಂಗ್ಲಿಷ್. ಕನ್ನಡದಲ್ಲಿ ಕೇಳಿದ್ರೆ ಉತ್ತರ ಕೊಡಲ್ಲ ಅಂತ ರೂಲ್ ಮಾಡಿದೀನಿ’ ಎಂದು ಬರೆದಿದ್ದೆ. ನಾಲ್ಕು ವರ್ಷದ ಕೂಸದು. ಆ ರೂಲು ನಿನಗೆ ಎಲ್ಲಿಂದ ಬಂತೆಂದು ನನಗೆ ಗೊತ್ತಿಲ್ಲವೇ? ನಿನಗೆ ಐದು ವರ್ಷವಿದ್ದಾಗ ಅದನ್ನು ಮಾಡಿದವಳೇ ನಾನು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದೆ. ಓಣಿಯವರು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ. ಪಟ್ಟಿ ಕೊಡುತ್ತೇನೆ, ಆದರೆ ಆ ರೂಲನ್ನು ಬಿಟ್ಟುಬಿಡು ಎಂದು ಕೇಳಿಕೊಳ್ಳಲು ಕೂತಿದ್ದೇನೆ.

ಮತ್ತೆ ಕಲಿಸುವುದು ಹೇಗೆ ಎನ್ನುತ್ತೀ. ಈ ವರ್ಷ ನಡೆದದ್ದನ್ನೇ ಹೇಳುತ್ತೇನೆ, ಕೇಳು.

ನಮ್ಮ ಸರ್ಕಾರಿ ಶಾಲೆಯ ಎಲ್‌ಕೆಜಿಯಲ್ಲಿ ಹದಿನೇಳು ಮಕ್ಕಳು. ಅವರಲ್ಲಿ ಭೂಮಿಕಾ ಎಂಬವಳು ಜೂನ್‌ನಿಂದ ಒಂದೇ ಒಂದು ಮಾತು ಆಡಿರಲಿಲ್ಲ. ನಾನು ಕಾರ್ಡ್ ಹಿಡಿದು ಆ್ಯಪಲ್, ಬಾಲ್ ಎಂದರೆ ಉಳಿದವರು ಗಿಣಿಗಳ ಹಾಗೆ ಒದರುತ್ತಿದ್ದರು. ಇವಳು ಮಾತ್ರ ಚಾಪೆಯ ನೂಲು ಕೀಳುತ್ತಾ ಕೂತಿರುತ್ತಿದ್ದಳು. ಒಂದು ದಿನ ಅವಳ ಅಜ್ಜಿ ಗುಡ್ಡಮ್ಮ ಬಂದು, “ಮನೇಲಿ ಇಡೀ ದಿನ ವಟವಟ ಅಂತಾಳೆ ಟೀಚರೇ, ಇಲ್ಲಿಗ್ ಬಂದ್ರೆ ಬಾಯಿಗೆ ಬೀಗ. ನೀವೇನಾದ್ರೂ ಹೆದರ್ಸಿದ್ರಾ?” ಎಂದು ಕೇಳಿದರು. ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಜಗಳಕ್ಕೇ ನಿಂತೆ. ಮನೆಗೆ ಬಂದು ಅನ್ನಕ್ಕಿಟ್ಟರೂ ಆ ಪ್ರಶ್ನೆ ಮಾತ್ರ ತಲೆಯಿಂದ ಹೋಗಲಿಲ್ಲ.

ದಸರಾ ರಜೆ ಮುಗಿದ ಮೇಲೆ ಕಾರ್ಡುಗಳನ್ನು ಬೀರುವಿನೊಳಗೆ ಹಾಕಿ, ಮನೆಯಿಂದ ಒಂದೊಂದು ಸಾಮಾನು ತನ್ನಿ ಎಂದೆ. ಒಬ್ಬ ಸೌಟು ತಂದ. ಒಬ್ಬಳು ಅಪ್ಪನ ಟಾರ್ಚು ತಂದಳು. ಇನ್ನೊಬ್ಬ ಕೋಳಿಮರಿಯನ್ನೇ ತಂದ, ಹೆಡ್‌ಮಾಸ್ಟರ್ ಸಮೇತ ನಾವೆಲ್ಲ ಅದರ ಹಿಂದೆ ಓಡಿದೆವು. ಭೂಮಿಕಾ ತಂದದ್ದು ಬುಟ್ಟಿ. ಭೂಮಿ ಹುಣ್ಣಿಮೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು, ಗದ್ದೆಗೆ ಎಡೆ ಹೊತ್ತೊಯ್ಯುತ್ತಾರಲ್ಲ, ಆ ಬುಟ್ಟಿ.

ನಾನು “ಬಾಸ್ಕೆಟ್” ಎಂದೆ. ಅವಳು ತಲೆ ಅಲ್ಲಾಡಿಸಿದಳು. ಇನ್ನೊಮ್ಮೆ ಹೇಳಿದೆ. ಆಗ ಬಾಯಿ ಬಿಟ್ಟಳು ನೋಡು.

“ಅಲ್ಲ ಟೀಚರ್, ಮೊದ್ಲು ಇದು ನೋಡಿ. ಇದು ಭತ್ತದ ಸಸಿ. ಇದು ಏಣಿ. ಇದು ಇರುವೆ ಸಾಲು, ಇರುವೆಗೂ ಊಟ ಬೇಕಲ್ಲ. ಈ ಗೆರೆ ಸೊಟ್ಟ ಆಗಿದೆಯಲ್ಲ, ಇದು ನಾನು ಬರ್ದಿದ್ದು. ಅಜ್ಜಿ ಬೈಲಿಲ್ಲ.”

ಐದು ತಿಂಗಳ ಮಾತು ಒಂದೇ ಸಲಕ್ಕೆ ಬಂತು. ನಾನು ತಡೆಯಲಿಲ್ಲ. ಎಲ್ಲ ಹೇಳಿ ಮುಗಿಸಿ, ತಾನಾಗಿಯೇ “ಬಾಸ್ಕೆಟ್” ಎಂದು ಬುಟ್ಟಿಯನ್ನು ನನ್ನ ಕೈಗಿಟ್ಟಳು. ನನಗೆ ಅಳು ಬಂತು ಸ್ಪಂದನ. ಆ ಮಕ್ಕಳ ಮುಂದೆಯೇ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಈಗ ನಮ್ಮಲ್ಲಿ ಹಾಗೇ ನಡೆಯುತ್ತಿದೆ. ಸಾಮಾನು ಕೈಗೆ ಬರಬೇಕು, ಮಗು ಅದರ ಕತೆಯನ್ನು ತನ್ನ ಮಾತಿನಲ್ಲಿ ಹೇಳಬೇಕು, ಇಂಗ್ಲಿಷ್ ಹೆಸರು ಆಮೇಲೆ. ದಿನಕ್ಕೆ ಎರಡು ಪದವಾದರೆ ಹೆಚ್ಚು. ಮೊನ್ನೆ ಶಾಲಾ ಸಮಿತಿಯ ಅಧ್ಯಕ್ಷ ಮಲ್ಲೇಶಪ್ಪ ಬಾಗಿಲಲ್ಲಿ ನಿಂತು, “ಏನ್ರೀ ಟೀಚರೇ, ವ್ಯಾನಲ್ಲಿ ಹೋಗೋ ಮಕ್ಳು ಪಟಪಟ ಇಂಗ್ಲಿಷ್ ಹೇಳ್ತಾವೆ, ನಿಮ್ಮವು ಬುಟ್ಟಿ ಹಿಡ್ಕಂಡು ಕತೆ ಹೊಡೀತಾವಲ್ರೀ” ಎಂದರು. “ಹೊಡೀಲಿ ಬಿಡ್ರಿ. ಕತೆ ಹೇಳೋ ಬಾಯಿಗೆ ಇಂಗ್ಲಿಷ್ ಏನ್ ಭಾರ ಆಗಲ್ಲ” ಎಂದೆ. ನಕ್ಕು ಹೋದರು. ಒಪ್ಪಿದರೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಪಟ್ಟಿ ಇದರ ಜೊತೆಗಿದೆ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಅರವತ್ತು ಪದ ಬರೆದಿದ್ದೇನೆ. ಸ್ಪೂನ್, ಸೋಪ್, ಡೋರ್, ಬಕೆಟ್, ಎಲ್ಲ ನಿನ್ನ ಮನೆಯಲ್ಲೇ ಇರುವಂಥವು. ನಯನ ಬಕೆಟ್ ಅನ್ನುವ ಮುಂಚೆ, ಅದರೊಳಗೆ ಕೂತು ಹೊರಗೆ ಬರಲಾಗದೆ ಸಿಕ್ಕಿಕೊಂಡ ಕತೆ ಹೇಳಲಿ. ನೀನು ಕೇಳಿಸಿಕೋ. ಇಂಟರ್‌ವ್ಯೂನಲ್ಲಿ ನಾಲ್ಕು ಪದ ಕಮ್ಮಿಯಾದರೆ ಗಂಟೇನೂ ಹೋಗುವುದಿಲ್ಲ.

ಮೂವರೂ ಸುಖವಾಗಿರಿ. ದೇವರು ನಯನಳಿಗೆ ಬಾಯಿ ತುಂಬ ಮಾತು ಕೊಡಲಿ, ನಿನಗೆ ಅದನ್ನು ಕೇಳುವಷ್ಟು ಪುರುಸೊತ್ತು ಕೊಡಲಿ.

ನಿನ್ನ ಅಮ್ಮ
ಶ್ರೀಲತಾ

ಇನ್ನೊಂದು ಮಾತು: ಪಟ್ಟಿಯಲ್ಲಿ ‘ಹಾಟ್’ ಇಲ್ಲ. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ರೂಲಿನ ವರ್ಷ ನೀನು ಇಸ್ತ್ರಿಪೆಟ್ಟಿಗೆ ಮುಟ್ಟಿ, “ಅಮ್ಮಾ, ಕೈ ಸುಟ್ಟೋತು” ಎಂದು ಅಡುಗೆಮನೆಗೆ ಬಂದಿದ್ದೆ. ನಾನು ರೊಟ್ಟಿ ತಟ್ಟುತ್ತಿದ್ದೆ. ತಿರುಗದೆಯೇ “ಇಂಗ್ಲಿಷಲ್ಲಿ ಹೇಳು” ಎಂದೆ. ‘ಹಾಟ್’ ಎಂಬ ಪದವನ್ನು ನಾನು ನಿನಗೆ ಕಲಿಸಿರಲಿಲ್ಲ. ನೀನು ಒಬ್ಬಳೇ ಹೋಗಿ ತೊಟ್ಟಿಯ ನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದೆ. ಬೊಬ್ಬೆ ನನ್ನ ಕಣ್ಣಿಗೆ ಬಿದ್ದದ್ದು ಊಟಕ್ಕೆ ಬಡಿಸುವಾಗ. ಅಂದಿನಿಂದ ನೀನು ಯಾವ ನೋವನ್ನೂ ನನ್ನ ಹತ್ತಿರ ತರಲಿಲ್ಲ. ಹೆರಿಗೆಗೆಂದು ತವರಿಗೆ ಬಂದವಳು, ನೋವು ಶುರುವಾದಾಗ ನೀನು ನನ್ನ ಪಕ್ಕದ ಕೋಣೆಯಿಂದ ಶಿಕಾರಿಪುರದಲ್ಲಿದ್ದ ವೀರೇಶರಿಗೆ ಫೋನ್ ಮಾಡಿದೆ. ಅವರು ನನಗೆ ಫೋನ್ ಮಾಡಿ ಹೇಳಿದ ಮೇಲೆ ನಾನು ಗೋಡೆಯ ಆಚೆಗೆ ನಿನ್ನ ಹತ್ತಿರ ಓಡಿ ಬಂದೆ. ನಯನ ಯಾವ ಭಾಷೆಯಲ್ಲಿ ಕರೆದರೂ ತಿರುಗಿ ನೋಡು, ಮಗಳೇ.