ಶಿಶಿರನ ತುಲಾಭಾರ

ಜಯಪುರ, ಕೊಪ್ಪ ತಾಲ್ಲೂಕು
೬ ಫೆಬ್ರವರಿ ೨೦೨೫, ಗುರುವಾರ

ಪ್ರೀತಿಯ ಅತ್ತೆಮ್ಮಾ,

ನಿಮ್ಮ ಸೊಸೆ ಸೌಂದರ್ಯಾಳ ನಮಸ್ಕಾರ. ಮಂಡಿನೋವು ಹೇಗಿದೆ? ಎನ್.ಆರ್.ಪುರದ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಬಾಣಂತಿಗೆ ನೀರು ಹಾಕುವ ಉತ್ಸಾಹದಲ್ಲಿ ನಿಮ್ಮ ಕಾಲನ್ನು ಮರೆಯಬೇಡಿ. ನಿಮ್ಮ ಮಗಳು ಹೊಟ್ಟೆತುಂಬ ಉಣ್ಣುತ್ತಿದ್ದಾಳೆಯೇ? ಹೊಸ ಕೂಸು ರಾತ್ರಿ ಮಲಗುತ್ತದೆಯೇ? ನನಗಂತೂ ಎಂಟು ವರ್ಷದ ಮಗನನ್ನು ಇಟ್ಟುಕೊಂಡೂ ನಿದ್ದೆ ಇಲ್ಲ. ಇಷ್ಟು ಹತ್ತಿರ ಇದ್ದು ಕಾಗದ ಎಂತಕ್ಕೆ ಎಂದು ನೀವು ಕನ್ನಡಕ ಹುಡುಕುತ್ತಾ ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ನೀವು ಫೋನನ್ನು ಸ್ಪೀಕರಿಗೆ ಹಾಕಿ ಮಂಚದ ಮೇಲಿಟ್ಟು ಮಾತಾಡುತ್ತೀರಿ, ಕೂಸು ನೋಡಲು ಬಂದವರೆಲ್ಲ ಕೇಳಿಸಿಕೊಳ್ಳುತ್ತಾರೆ. ಇದು ನೀವೊಬ್ಬರೇ ಓದಬೇಕಾದದ್ದು. ಶಿಶಿರನನ್ನು ಸ್ಕೂಲ್ ವ್ಯಾನ್ ಹತ್ತಿಸಿ, ಪಾತ್ರೆಗಳನ್ನು ಹಾಗೇ ಬಿಟ್ಟು ಬರೆಯಲು ಕೂತಿದ್ದೇನೆ.

ಶಿವರಾತ್ರಿ ಮುಗಿದ ಮೇಲೆ ಬರುವ ಸೋಮವಾರಕ್ಕೆ ಇಟ್ಟುಕೊಂಡ ತುಲಾಭಾರದ ವಿಷಯ. ನಿಮ್ಮ ಹರಕೆಯನ್ನು ನಾನು ಹಗುರವಾಗಿ ಕಾಣುವವಳಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಗು ಶಿವಮೊಗ್ಗದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಾಗ, ಎದ್ದು ನಿಲ್ಲಲೂ ಆಗದ ನನ್ನ ಬದಲು ನೀವೇ ಹೊರಗೆ ನಿಂತು ಬೇಡಿಕೊಂಡಿರಿ. ‘ಈ ಕೂಸು ಮೈ ತುಂಬಿಕೊಂಡು ಬದುಕಲಿ, ತಕ್ಕಡೀಲಿ ಕೂರ್ಸಿ ಅದರ ತೂಕದ ಬೆಲ್ಲ ಒಪ್ಪಿಸ್ತೀನಿ’ ಎಂದಿರಿ. ಆಮೇಲೆ ಮಾವ ಹೋದರು, ಕೊರೊನಾ ಬಂತು. ಅದೂ ಮುಗಿದ ಮೇಲೆ ‘ಇನ್ನೊಂಚೂರು ತುಂಬ್ಕೊಳ್ಳಲಿ, ತಡಿ’ ಎಂದು ನೀವೇ ಮುಂದೆ ಹಾಕಿದಿರಿ. ತುಂಬಿಕೊಂಡ. ನಿಮ್ಮ ಕೈತುಪ್ಪ, ನನಗೆ ಕಾಣದ ಹಾಗೆ ಸೆರಗಿನಡಿಯಿಂದ ದಾಟಿಸುತ್ತಿದ್ದ ಕೋಡುಬಳೆ, ಎದುರಿನ ಹೋಟೆಲಿನ ವಸಂತಮ್ಮ ಕರೆದು ಕರೆದು ಕೊಡುವ ಗೋಳಿಬಜೆ, ಎಲ್ಲವೂ ಅವನ ಮೈಗೆ ಹಿಡಿಯಿತು. ಬೈಯುತ್ತಿಲ್ಲ ಅತ್ತೆಮ್ಮಾ. ಅವನು ಒಂದು ತುತ್ತು ನುಂಗಿದರೆ ಸಾಕು ಎಂದು ನಾವಿಬ್ಬರೂ ಅತ್ತ ದಿನಗಳಿದ್ದವು.

ಆದರೆ ಜನ ನೋಡಿ. ಹೋದ ವರ್ಷದ ತನಕ ಗಲ್ಲ ಹಿಂಡಿ ‘ಎಷ್ಟು ಮುದ್ದಾಗಿದೆ’ ಎನ್ನುತ್ತಿದ್ದವರೇ ಈಗ ‘ಎಂತ ಹಾಕ್ತಿ ಮಾರಾಯ್ತಿ ಇವನಿಗೆ’ ಎನ್ನುತ್ತಾರೆ. ಮದುವೆಮನೆಯಲ್ಲಿ ಅವನ ಎಲೆಗೆ ಹೋಳಿಗೆ ಬಡಿಸುವುದೂ ಅವರೇ, ಬಡಿಸಿ ನಗುವುದೂ ಅವರೇ. ನನ್ನನ್ನಂತೂ ಬಿಡಿ. ಕಾಲೇಜಿನಲ್ಲಿ ಹೇಗಿದ್ದವಳು ಹೇಗಾದೆ ಎಂದು ಕೇಳದೆ ಶೃಂಗೇರಿ ಬಸ್ಸಿನಲ್ಲಿ ಯಾರೂ ಪಕ್ಕದ ಸೀಟು ಬಿಟ್ಟುಕೊಡುವುದಿಲ್ಲ. ಬೆಳಗ್ಗೆ ನಿಂಬೆರಸದ ಬಿಸಿನೀರು, ರಾತ್ರಿ ಅನ್ನ ಬಂದ್, ಫೋನಿನಲ್ಲಿ ಯಾರೋ ಹೇಳಿದ ಕಾಳು ನೆನೆಸಿ ಕುಡಿಯುವುದು, ಎಲ್ಲ ಮಾಡಿದೆ. ಮಂಚದ ಕೆಳಗೆ ತೂಕದ ಮಿಷನ್ ಇಟ್ಟುಕೊಂಡಿದ್ದೇನೆ, ನಿಮಗೆ ಹೇಳಿರಲಿಲ್ಲ. ಕೊಪ್ಪದ ಡಾಕ್ಟರು ಶಿಶಿರನನ್ನು ನೋಡಿ ಗಾಬರಿಯೇನೂ ಪಡಿಸಲಿಲ್ಲ. ಉಪವಾಸ ಕೆಡವಬೇಡಿ, ಬೇಕರಿ ತಿಂಡಿ ಕಡಿಮೆ ಮಾಡಿ, ಸಂಜೆ ಆಡಲು ಬಿಡಿ ಎಂದರಷ್ಟೆ. ನಿಮ್ಮ ಮಗ ‘ನಾನೂ ಹಿಂಗೇ ಇದ್ದೆ, ಆಮೇಲೆ ಸರಿಯಾಯ್ತು’ ಎಂದು ತನ್ನ ಹೊಟ್ಟೆ ತಟ್ಟಿಕೊಂಡರು. ಯಾವುದು ಸರಿಯಾಯಿತೋ ಅವರಿಗೇ ಗೊತ್ತು.

ಈಗ ನಡೆದದ್ದು ಹೇಳುತ್ತೇನೆ, ಕೂತು ಓದಿ. ಬೆಲ್ಲಕ್ಕೆ ಅಬ್ದುಲ್ ವಹಾಬ್ ಸಾಹೇಬರ ಅಂಗಡಿಯಲ್ಲಿ ಹೇಳಿದ್ದೆವಲ್ಲ. ‘ಹುಡುಗನ ತೂಕ ಹೇಳಿಯಮ್ಮಾ, ಒಂದೆರಡು ಅಚ್ಚು ಜಾಸ್ತಿನೇ ತೆಗ್ದಿಡ್ತೀನಿ, ದೇವರ ಕೆಲಸಕ್ಕೆ ಕಡಿಮೆ ಬೀಳಬಾರದು’ ಎಂದಿದ್ದರು. ಅವರ ಮಗ ಸಕ್ಲೇನ್ ಇವನ ಕ್ಲಾಸಿನವನೇ. ಗೆಳೆಯನಿಗೆ ಇಷ್ಟು ದೊಡ್ಡ ಮರ್ಯಾದೆ ನಡೆಯುತ್ತದೆ ಎಂಬ ಸಂತೋಷಕ್ಕೆ ಎಲ್ಲರಿಗೂ ಹೇಳಿದ್ದಾನೆ, ಪಾಪ. ಆಮೇಲೆ ಕ್ಲಾಸಿನಲ್ಲಿ ಅದೇ ಆಟ: ಎಷ್ಟು ಅಚ್ಚು ಬೇಕಾಗುತ್ತದೆ, ತಕ್ಕಡಿ ತಡೆಯುತ್ತದೋ ಇಲ್ಲವೋ, ಹಗ್ಗ ಕಿತ್ತುಬಂದರೆ ಎಂತ ಮಾಡುವುದು. ನೋಡಲು ಎಲ್ಲರೂ ಬರುತ್ತಾರಂತೆ. ನಮ್ಮ ಹುಡುಗ ಇದ್ಯಾವುದನ್ನೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ದೋಸೆ ಹಾಕಿದರೆ ಖಾಲಿ ತಟ್ಟೆ ತೋರಿಸುತ್ತಿದ್ದ. ಮಗ ಸರಿಯಾಗಿ ತಿನ್ನುತ್ತಿದ್ದಾನೆ ಎಂದುಕೊಂಡೆ. ಹಿತ್ತಲಿಗೆ ಬರುವ ಬೀದಿನಾಯಿ ದಿನದಿನಕ್ಕೆ ಮಿರುಗುತ್ತಿದ್ದದ್ದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಡಬ್ಬಿಯ ಊಟ ಸಕ್ಲೇನನ ಹೊಟ್ಟೆಗೆ. ಶುಕ್ರವಾರ ಆಟದ ಪೀರಿಯಡ್ಡಿನಲ್ಲಿ ತಲೆ ಸುತ್ತಿ ಕೂತುಬಿಟ್ಟನೆಂದು ಟೀಚರ್ ಫೋನು ಮಾಡಿದರು. ಸಕ್ಕರೆ ನೀರು ಕುಡಿಸಿದ್ದರು. ಡಾಕ್ಟರಿಗೂ ತೋರಿಸಿದೆವು, ಈಗ ಆರಾಮಾಗಿದ್ದಾನೆ, ಹೆದರಬೇಡಿ.

ನನ್ನ ನಿದ್ದೆ ಕೆಡಿಸಿದ್ದು ಆ ಸಂಜೆ ನಡೆದದ್ದು. ಸ್ನಾನ ಮಾಡಿಸುವಾಗ ನೋಡಿದರೆ ಸೊಂಟದಲ್ಲಿ ಬೆಳ್ಳಿ ಉಡಿದಾರ ಇಲ್ಲ. ನಾಮಕರಣಕ್ಕೆ ನೀವೇ ಕಟ್ಟಿ, ಮೈ ಬೆಳೆದ ಹಾಗೆಲ್ಲ ಕೊಂಡಿ ಹಾಕಿಸಿ ಉದ್ದ ಮಾಡಿಸುತ್ತಿದ್ದ ಉಡಿದಾರ. ಎಲ್ಲಿ ಎಂದರೆ ಮಂಚದ ಕೆಳಗೆ, ತೂಕದ ಮಿಷನ್ ಪಕ್ಕ ಸುತ್ತಿಟ್ಟಿದ್ದ. ಬೈಯಲು ಬಾಯಿ ತೆರೆದೆ. ‘ಅದು ಭಾರ ಅಮ್ಮಾ. ನೀನೂ ಬಳೆ, ಸರ ಎಲ್ಲ ತೆಗೆದಿಟ್ಟೇ ನಿಂತ್ಕೊಳ್ಳೋದು ಅಲ್ವಾ?’ ಎಂದ. ಅತ್ತೆಮ್ಮಾ, ನಾನು ಬೆಳಗ್ಗೆ ಬಾಗಿಲು ಓರೆ ಮಾಡಿ, ಸರ ಬಿಚ್ಚಿಟ್ಟು ಮಿಷನ್ ಮೇಲೆ ನಿಂತು ಮುಖ ಕಿವಿಚುವುದನ್ನು ಅವನು ಹೊದಿಕೆಯೊಳಗಿಂದ ನೋಡುತ್ತಿದ್ದನಂತೆ. ಗಲ್ಲ ಹಿಂಡಿದವರನ್ನೂ ನಿಮ್ಮ ಕೋಡುಬಳೆಯನ್ನೂ ದೂರುತ್ತಿದ್ದೆನಲ್ಲ! ನಾಚಿಕೆ ಹೇಗೆ ಪಡುವುದೆಂದು ನನ್ನನ್ನು ನೋಡಿ ಕಲಿತಿದ್ದಾನೆ.

ಹಾಗಾಗಿ ಕೇಳುತ್ತೇನೆ, ಸಿಟ್ಟಾಗಬೇಡಿ. ಇನ್ನೊಂದು ವರ್ಷ ಮುಂದೆ ಹಾಕಬಹುದೇ? ಬೇಡ, ಮುಂದಿನ ವರ್ಷವೂ ಅವನಿಗೆ ಇದೇ ಭಯ. ಜನ ಬರುವ ಮೊದಲು, ಬೆಳಗಿನ ಜಾವ ಮುಗಿಸಬಹುದೇ? ಅದೂ ಬೇಡವೇನೋ. ಕದ್ದು ಮಾಡಿದರೆ ತನ್ನ ಮೈ ಬಚ್ಚಿಡುವಂಥದ್ದು ಎಂದು ಅವನಿಗೆ ಖಾತ್ರಿಯಾಗುತ್ತದೆ. ಬೆಲ್ಲವನ್ನು ಸುಮ್ಮನೆ ಒಪ್ಪಿಸಿದರೆ ಹರಕೆ ತೀರುತ್ತದೆಯೇ? ನೀವೇ ಹೇಳಬೇಕು. ಪೆನ್ನು ಕೆಳಗಿಟ್ಟು ಎರಡು ಸಲ ಅಂಗಳ ಸುತ್ತಿ ಬಂದೆ, ದಾರಿ ಹೊಳೆಯಲಿಲ್ಲ.

ಬಾಣಂತಿಗೆ, ಅಳಿಯಂದಿರಿಗೆ ನನ್ನ ನೆನಪು ಹೇಳಿ. ಕೂಸಿನ ಪಾದಕ್ಕೆ ನನ್ನದೊಂದು ಮುತ್ತು. ಎಣ್ಣೆ ಹಚ್ಚದೆ ಮಲಗಬೇಡಿ.

ನಿಮ್ಮ ಆಶೀರ್ವಾದ ಬೇಡುವ,
ಸೌಂದರ್ಯಾ

ಇನ್ನೊಂದು ಮಾತು: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ವ್ಯಾನ್ ಬಂತು. ಹುಡುಗನ ಮುಖ ನೋಡಿದ ಕೂಡಲೇ ಕಿಗ್ಗದ ಕಡೆ ಒಮ್ಮೆ ಕಂಡದ್ದು ನೆನಪಾಯಿತು. ಎಳೆಕೂಸನ್ನು ಒಂದನ್ನೇ ಕೂರಿಸಲಾಗದೆ ತಾಯಿಯ ಮಡಿಲಲ್ಲಿಟ್ಟು ಇಬ್ಬರನ್ನೂ ಒಟ್ಟಿಗೆ ತೂಗಿದ್ದರು. ಆ ಸೋಮವಾರ ತಕ್ಕಡಿಯಲ್ಲಿ ನಾನು ಕೂರುತ್ತೇನೆ, ಬಳೆ ಸರ ಎಲ್ಲ ಹಾಕಿಕೊಂಡು, ಅವನನ್ನು ಮಡಿಲಲ್ಲಿ ಕೂರಿಸಿಕೊಂಡು. ಯಾರದ್ದೆಷ್ಟು ಎಂದು ಊರವರು ಲೆಕ್ಕ ಹಾಕಿಕೊಳ್ಳಲಿ. ದೇವರಿಗೂ ನಷ್ಟವಿಲ್ಲ. ಅವನಿಗೆ ಹೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹಂಗಾದ್ರೆ ಸಕ್ಲೇನ್ ಅಪ್ಪನ ಅಂಗಡೀಲಿರೋ ಬೆಲ್ಲ ಸಾಕಾಗಲ್ಲ’ ಎಂದು ನಕ್ಕು, ದೋಸೆ ಇದೆಯಾ ಎಂದು ಕೇಳಿದ. ಹಂಚು ಕಾದಿದೆ. ನೀವು ಒಪ್ಪಿದರೆ ಬರುವಾಗ ಎನ್.ಆರ್.ಪುರದಿಂದಲೂ ಬೆಲ್ಲ ತನ್ನಿ.